ಬೆಂಗಳೂರಿಗಿಂತ ತಗ್ಗಲ್ಲಿರೋ ಬೆಟ್ಟದ ಮೇಲೆ ಏಪ್ರಿಲಲ್ಲಿ ಸ್ಕೀ ಆಗತ್ತಾ?

ಪ್ರಶ್ನೆ: ನಾವಿರೋದು ಬೆಂಗಳೂರಲ್ಲಿ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ಜೊತೆಗೆ ನಮ್ಮತ್ತೆ (64 ವರ್ಷ, ಮಂಡಿನೋವಿದೆ). ನನ್ನ ತಮ್ಮ ಸ್ಟಾಕ್‌ಹೋಮ್‌ನಲ್ಲಿದಾನೆ, 2027ರ ಬೇಸಿಗೆ ರಜಕ್ಕೆ ಬನ್ನಿ, ಒಂದು ವಾರ ಲ್ಯಾಪ್‌ಲ್ಯಾಂಡ್ (ಫಿನ್‌ಲೆಂಡ್, ಸ್ವೀಡನ್ ದೇಶಗಳ ಉತ್ತರದ ಭಾಗ) ಕಡೆ ಸ್ಕೀ ಮಾಡೋಣ ಅಂತಿದಾನೆ. ಆಫೀಸಲ್ಲಿ ಕೇಳಿದ್ರೆ ಎಲ್ಲರೂ ಅಲ್ಲಿ ಬೆಟ್ಟಾನೇ ಇಲ್ಲ, ಐನೂರು ಮೀಟರ್ ಗುಡ್ಡಗಳು, ಏಪ್ರಿಲಲ್ಲಿ ಹಿಮ ಎಲ್ಲಿರತ್ತೆ, ಸುಮ್ನೆ ಸ್ವಿಟ್ಜರ್‌ಲೆಂಡಿಗೆ ಹೋಗಿ ಅಂತಾರೆ. ಇಲ್ಲಾಂದ್ರೆ ಡಿಸೆಂಬರ್ ರಜೇಲಿ ಹೋಗೋದು ಒಳ್ಳೇದಾ? ನಮ್ಮವರು ಗುಲ್ಮಾರ್ಗ್‌ನಲ್ಲಿ ಎರಡು ದಿನ ಸ್ಕೀ ಮಾಡಿದಾರೆ, ಗೊಂಡೋಲಾದಲ್ಲಿ (ಕೇಬಲ್ ಕಾರ್) ಪೂರ್ತಿ ಮೇಲೆ ಹೋದಾಗ ತಲೆನೋವು ಬಂದು ವಾಪಸ್ ಇಳಿದ್ರು. ಉಳಿದವರು ಯಾರೂ ಸ್ಕೀ ಮುಟ್ಟೇ ಇಲ್ಲ. ಎಲ್ಲರೂ ಸಸ್ಯಾಹಾರಿಗಳು. ಯಾವ ಊರು, ಯಾವ ವಾರ, ಅಲ್ಲಿ ಅತ್ತೆ ಏನು ಮಾಡ್ಬೇಕು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೊದಲು ಆ ಎತ್ತರದ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ನನ್ನ ಹತ್ರ ಬರೋ ಹತ್ತರಲ್ಲಿ ಎಂಟು ಪ್ರಶ್ನೆ ಇಲ್ಲೇ ಸಿಕ್ಕಾಕೊಳ್ಳತ್ತೆ. ಫಿನ್‌ಲೆಂಡಿನ ಲೆವಿ ಬೆಟ್ಟದ ತುತ್ತತುದಿ ಸಮುದ್ರಮಟ್ಟದಿಂದ 531 ಮೀಟರ್. ನೀವು ಕೂತಿರೋ ಬೆಂಗಳೂರು 900 ಮೀಟರಿಗೂ ಮೇಲಿದೆ. ಅಂದ್ರೆ ಲೆವಿಯ ನೆತ್ತಿ ಮೇಲೆ ನಿಂತವರೂ ನಿಮ್ಮನೆ ಗ್ರೌಂಡ್ ಫ್ಲೋರಿಗಿಂತ ನಾನೂರು ಮೀಟರ್ ಕೆಳಗಿರ್ತಾರೆ. ಸ್ವೀಡನ್ನಿನ ಅತಿ ಹೆಸರುವಾಸಿ ಸ್ಕೀ ಊರು ಓರೆ, ಅದರ ಬೆಟ್ಟ ಓರೆಸ್ಕೂತಾನ್ 1420 ಮೀಟರ್, ನಮ್ಮ ನಂದಿಬೆಟ್ಟ 1478. ಮುಳ್ಳಯ್ಯನಗಿರಿ 1900 ದಾಟಿದೆ. ಬರೀ ಎತ್ತರ ಇದ್ರೆ ಹಿಮ ಬೀಳೋದಾಗಿದ್ರೆ ಚಿಕ್ಕಮಗಳೂರಲ್ಲಿ ಸ್ಕೀ ಬಾಡಿಗೆ ಅಂಗಡಿ ಇರ್ತಿತ್ತು.

ಹಿಮ ಉಳಿಯೋಕೆ ಬೇಕಾಗಿರೋದು ಚಳಿ. ಚಳಿ ಪಡೆಯೋಕೆ ಎರಡು ದಾರಿ, ಮೇಲಕ್ಕೆ ಹತ್ತೋದು ಇಲ್ಲಾ ಉತ್ತರಕ್ಕೆ ಹೋಗೋದು. ಮೇಲೆ ಹತ್ತಿದ್ರೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯತ್ತೆ. ಸ್ವಿಟ್ಜರ್‌ಲೆಂಡ್ ಇರೋದು 46, 47ನೇ ಡಿಗ್ರಿ ಅಕ್ಷಾಂಶದಲ್ಲಿ, ಅವರಿಗೆ ಎರಡು ಸಾವಿರ ಮೀಟರ್ ಹತ್ತದೆ ಗತಿ ಇಲ್ಲ. ಲೆವಿ ಇರೋದು ಹೆಚ್ಚುಕಮ್ಮಿ 68ರಲ್ಲಿ, ಆರ್ಕ್ಟಿಕ್ ವೃತ್ತ ದಾಟಿ ಇನ್ನೂ ಸುಮಾರು ನೂರನಲವತ್ತು ಕಿಲೋಮೀಟರ್ ಉತ್ತರಕ್ಕೆ, ಅಲ್ಲಿ ಹತ್ತೋ ಅವಶ್ಯಕತೇನೇ ಇಲ್ಲ, ಹಳ್ಳಿ ಬೀದೀಲೇ ಚಳಿಗಾಲ ಆರು ತಿಂಗಳು ಕೂತಿರತ್ತೆ. ಇದಕ್ಕೆ ಮರಗಳೇ ಸಾಕ್ಷಿ. ಆಲ್ಪ್ಸ್‌ನಲ್ಲಿ ಎರಡು ಸಾವಿರ ಮೀಟರ್ ಆಸುಪಾಸು ಬಂದ ಮೇಲೆ ಮರ ಬೆಳೆಯೋದು ನಿಲ್ಲತ್ತೆ, ಲ್ಯಾಪ್‌ಲ್ಯಾಂಡಲ್ಲಿ ಮುನ್ನೂರು ನಾನೂರು ಮೀಟರಿಗೇ ನಿಂತುಹೋಗತ್ತೆ, ಅದರ ಮೇಲೆ ಬೋಳು ಗುಡ್ಡ. ಮರಕ್ಕೆ ಮೀಟರ್ ಲೆಕ್ಕ ಗೊತ್ತಿಲ್ಲ, ಚಳಿ ಗೊತ್ತು. ಹಾಗಾಗಿ ಐನೂರು ಮೀಟರ್ ಅಂತ ಕೇಳಿ ಮೂಗು ಮುರಿಯೋರಿಗೆ ಇದನ್ನ ಹೇಳಿ.

ಸ್ಕೀ ಅಂದ್ರೆ ಸ್ವಿಟ್ಜರ್‌ಲೆಂಡ್ ಅನ್ನೋದು ನಮ್ಮ ತಲೇಲಿ ಸಿನಿಮಾಗಳು ತುಂಬಿದ್ದು. ಇವತ್ತಿನ ಸ್ಕೀ ಆಟ ಬೆಳೆದಿದ್ದು ನಾರ್ವೆಯ ಟೆಲೆಮಾರ್ಕ್‌ನಲ್ಲಿ, ಮೋರ್ಗೆದಾಲ್ ಅನ್ನೋ ಪುಟ್ಟ ಊರಲ್ಲಿ, 1825ರಲ್ಲಿ ಹುಟ್ಟಿದ ಸೋಂದ್ರೆ ನೂರ್‌ಹೈಮ್ ಅನ್ನೋ ಬಡ ರೈತ ಕಾಲಿಗೆ ಗಟ್ಟಿಯಾಗಿ ಕಟ್ಟೋ ಪಟ್ಟಿ ಮಾಡ್ಕೊಂಡು ತಿರುಗೋದನ್ನ, ಹಾರೋದನ್ನ ಎಲ್ಲರಿಗೂ ತೋರಿಸಿಕೊಟ್ಟ. ಸ್ಲಾಲಮ್ (ಕಂಬಗಳ ಮಧ್ಯೆ ಅಂಕುಡೊಂಕಾಗಿ ಇಳಿಯೋ ರೇಸ್) ಅನ್ನೋ ಪದಾನೂ ಆ ಕಡೆಯ ಮಾತಿಂದಾನೇ ಬಂದಿದ್ದು. ಅದಕ್ಕೂ ಹಿಂದಿನ ಕಥೆ ಬೇಕಂದ್ರೆ ಉತ್ತರ ಸ್ವೀಡನ್ನಿನ ಕಾಲ್ವ್‌ಟ್ರೆಸ್ಕ್‌ನಲ್ಲಿ 1924ರಲ್ಲಿ ಕೆಸರಿಂದ ಸಿಕ್ಕಿದ ಸ್ಕೀ ಐದು ಸಾವಿರ ವರ್ಷಕ್ಕೂ ಹಳೇದು. ಈ ತಗ್ಗು ಗುಡ್ಡದ ಜನಕ್ಕೆ ಸ್ಕೀ ಮೊದಲು ಓಡಾಡೋ ಕಾಲು, ಆಮೇಲೆ ಆಟ.

ತಗ್ಗಿರೋದರಿಂದ ನಿಮಗೆ ಇನ್ನೊಂದು ದೊಡ್ಡ ಲಾಭ ಇದೆ. ನಿಮ್ಮ ಯಜಮಾನರಿಗೆ ಗುಲ್ಮಾರ್ಗಲ್ಲಿ ತಲೆನೋವು ಬಂದಿದ್ದು ನೋಡಿದ್ರೆ ಎತ್ತರದ್ದೇ ಇರ್ಬೇಕು, ಆ ಗೊಂಡೋಲಾ ನಾಲ್ಕು ಸಾವಿರ ಮೀಟರ್ ಹತ್ತಿರಕ್ಕೆ ಕರ್ಕೊಂಡು ಹೋಗತ್ತೆ. ಲ್ಯಾಪ್‌ಲ್ಯಾಂಡಲ್ಲಿ ಗಾಳಿ ತೆಳುವಾಗೋ ಮಾತೇ ಇಲ್ಲ. ಅತ್ತೆಯವರಿಗೂ ಬೆಂಗಳೂರಿಗಿಂತ ಸಲೀಸಾಗಿ ಉಸಿರಾಡೋ ಜಾಗ ಅದು. ರಾತ್ರಿ ನಿದ್ದೆ ಚೆನ್ನಾಗಿ ಬರತ್ತೆ, ಮೊದಲನೇ ದಿನಾನೇ ಹಿಮಕ್ಕೆ ಇಳೀಬಹುದು.

ಈಗ ನಿಜವಾದ ಪ್ರಶ್ನೆ, ಯಾವಾಗ.

ಡಿಸೆಂಬರ್ ಬೇಡ. ಇದನ್ನ ನಾನು ಒತ್ತಿ ಹೇಳ್ತೀನಿ. ನಾನು ಸಾಗರದ ಕಡೆಯವನು, ಹನ್ನೆರಡು ವರ್ಷದಿಂದ ಫಿನ್‌ಲೆಂಡಿನ ಔಲುನಲ್ಲಿದೀನಿ, ಚಳಿಗಾಲದ ವಾರಾಂತ್ಯಗಳಲ್ಲಿ ಹೊಸಬರಿಗೆ ಸ್ಕೀ ಹೇಳಿಕೊಡ್ತೀನಿ. ಬಂದ ಎರಡನೇ ವರ್ಷ ಊರಿಂದ ಬಂದ ನೆಂಟರ ಎರಡು ಕುಟುಂಬಾನ ಕ್ರಿಸ್‌ಮಸ್ ವಾರದಲ್ಲಿ ಮೇಲೆ ಲ್ಯಾಪ್‌ಲ್ಯಾಂಡಿಗೆ ಕರ್ಕೊಂಡು ಹೋದೆ. ಡಿಸೆಂಬರ್ ಮಧ್ಯದಿಂದ ಹೊಸ ವರ್ಷದ ತನಕ ಅಲ್ಲಿ ಸೂರ್ಯ ಹುಟ್ಟೋದೇ ಇಲ್ಲ, ಕಾಮೋಸ್ ಅಂತಾರೆ ಅದಕ್ಕೆ, ಮಧ್ಯಾಹ್ನ ಒಂದೆರಡು ಗಂಟೆ ನೀಲಿ ಬೆಳಕು ಬಂದು ಹೋಗತ್ತೆ ಅಷ್ಟೆ. ಇಳಿಜಾರಿಗೆಲ್ಲ ದೊಡ್ಡ ದೀಪ ಹಾಕಿರ್ತಾರೆ, ಸ್ಕೀ ಮಾಡಬಹುದು. ಆದ್ರೆ ಅವತ್ತು ಮೈನಸ್ 29 ಇತ್ತು, ಏಳು ವರ್ಷದ ಮಗು ಚೇರ್ ಲಿಫ್ಟಲ್ಲಿ ಕೂತು ಹತ್ತು ನಿಮಿಷಕ್ಕೆ ಅಳೋಕೆ ಶುರು ಮಾಡ್ತು, ಮೂರು ದಿನ ಎಲ್ಲರೂ ಕ್ಯಾಬಿನ್ ಒಳಗೇ ಕೂತಿದ್ವಿ. ಆ ಮಗುವಿನ ಮುಖ ನನಗೆ ಈಗಲೂ ಕಣ್ಣೆದುರಿಗಿದೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ. ಲೆವಿ ಇರೋ ಕಿತ್ತಿಲಾ ಪ್ರದೇಶದಲ್ಲೇ, ಪೊಕ್ಕಾ ಅನ್ನೋ ಹಳ್ಳೀಲಿ, 1999ರ ಜನವರೀಲಿ ಮೈನಸ್ 51.5 ದಾಖಲಾಗಿದೆ, ಫಿನ್‌ಲೆಂಡಿನ ದಾಖಲೆ ಅದು. ಪ್ರತಿ ವರ್ಷ ಹಾಗಾಗಲ್ಲ, ಆದ್ರೆ ಮೈನಸ್ 25 ಅನ್ನೋದು ಡಿಸೆಂಬರ್ ಜನವರೀಲಿ ಅಲ್ಲಿ ಯಾರೂ ಹುಬ್ಬೇರಿಸೋ ಸುದ್ದಿ ಅಲ್ಲ. (ಒಂದು ವಿಚಿತ್ರ ಗೊತ್ತಿರಲಿ, ಗಾಳಿ ಇಲ್ಲದ ಅಂಥಾ ದಿನ ತಣ್ಣನೆ ಗಾಳಿ ಭಾರವಾಗಿ ಕೆಳಗೆ ಕಣಿವೇಲಿ ಕೂತ್ಕೊಳ್ಳತ್ತೆ, ಹಳ್ಳಿಗಿಂತ ಬೆಟ್ಟದ ಮೇಲೇನೇ ಹತ್ತು ಡಿಗ್ರಿ ಬೆಚ್ಚಗಿರತ್ತೆ.)

ಇನ್ನೊಂದು ಕಡೆ, ನವೆಂಬರ್ ಡಿಸೆಂಬರ್ ಹಿಮ ಈಗೀಗ ನಂಬೋ ಹಾಗಿಲ್ಲ. ಲೆವಿಯಲ್ಲಿ ಪ್ರತಿ ನವೆಂಬರಲ್ಲಿ ವರ್ಲ್ಡ್ ಕಪ್ ಸ್ಲಾಲಮ್ ನಡೆಯತ್ತೆ, ಗೆದ್ದವರಿಗೆ ಒಂದು ಹಿಮಸಾರಂಗ ಕೊಡ್ತಾರೆ, ಅದಕ್ಕೆ ಅವರೇ ಹೆಸರಿಡ್ತಾರೆ, ಅಮೆರಿಕದ ಮಿಕೇಲಾ ಶಿಫ್ರಿನ್ ಇಟ್ಟ ಹೆಸರುಗಳೇ ಒಂದು ಪಟ್ಟಿ ಆಗತ್ತೆ. ಆ ರೇಸ್ 2015ರಲ್ಲಿ ಹಿಮ ಸಾಲದೆ ರದ್ದಾಯ್ತು. ಅದಕ್ಕೇ ಈಗ ಲೆವಿ, ರುಕಾ (ಫಿನ್‌ಲೆಂಡಿನ ಇನ್ನೊಂದು ಸ್ಕೀ ಊರು) ಎರಡೂ ಕಡೆ ಹಿಂದಿನ ಚಳಿಗಾಲದ ಹಿಮಾನ ದೊಡ್ಡ ರಾಶಿ ಹಾಕಿ, ಮೇಲೆ ಮುಚ್ಚಿ, ಬೇಸಿಗೆ ಪೂರ್ತಿ ಕಾಪಾಡಿ ಶರತ್ಕಾಲದಲ್ಲಿ ಮತ್ತೆ ಇಳಿಜಾರಿಗೆ ಹರಡ್ತಾರೆ. ಅಷ್ಟು ಕಷ್ಟ ಪಟ್ಟು ತೆಗೆಯೋ ಒಂದೆರಡು ಇಳಿಜಾರು ರೇಸಿನವರಿಗೆ ಸರಿ, ನಿಮ್ಮಂಥ ಕುಟುಂಬ ಸಾವಿರಾರು ಮೈಲಿ ಹಾರಿಕೊಂಡು ಅದಕ್ಕಾಗಿ ಬರಬೇಕಿಲ್ಲ.

ಲ್ಯಾಪ್‌ಲ್ಯಾಂಡಲ್ಲಿ ಹಿಮ ಅತಿ ದಪ್ಪ ಇರೋದು ಮಾರ್ಚ್ ಕೊನೆ, ಏಪ್ರಿಲ್ ಶುರು. ನಮ್ಮವರಿಗೆ ಇದು ನಂಬೋಕೆ ಕಷ್ಟ, ಬೇಸಿಗೆ ರಜ ಅಂದಕೂಡಲೇ ಹಿಮ ಕರಗಿರತ್ತೆ ಅಂದ್ಕೋತಾರೆ. ಅಕ್ಟೋಬರಿಂದ ಬಿದ್ದಿದ್ದೆಲ್ಲ ಕರಗದೆ ಕೂಡಿಕೊಂಡು ಬಂದಿರತ್ತೆ, ಸೂರ್ಯ ಬಂದಿರ್ತಾನೆ, ಚಳಿಯ ಹಲ್ಲು ಕಿತ್ತಿರತ್ತೆ. ಹಗಲಲ್ಲಿ ಸೊನ್ನೆ ಆಸುಪಾಸು, ರಾತ್ರಿ ಮೈನಸ್ 10ರ ಸುತ್ತಮುತ್ತ. ಏಪ್ರಿಲ್ ಮೊದಲ ವಾರ ಸಂಜೆ ಎಂಟು ಗಂಟೆ ದಾಟಿದ್ರೂ ಬೆಳಕು. ಫಿನ್‌ಲೆಂಡಿನವರು ತಮಗೋಸ್ಕರ ಇಟ್ಟುಕೊಂಡಿರೋ ಕಾಲ ಇದು, ಹೊರಗಿನ ಪ್ರವಾಸಿಗಳಿಗೆ ಸಾಂಟಾ ಕ್ಲಾಸ್ ತೋರಿಸಿ ಡಿಸೆಂಬರ್ ಮಾರ್ತಾರೆ, ತಾವು ಮಾತ್ರ ಏಪ್ರಿಲಲ್ಲಿ ಹೋಗಿ ಬಿಸಿಲಲ್ಲಿ ಹಿಮದ ಮೇಲೆ ಕೂತು ಕಾಫಿ ಕುಡೀತಾರೆ.

ತಪ್ಪಿಸಬೇಕಾದ ವಾರಗಳೂ ಇವೆ. ಫೆಬ್ರವರಿ ಮಧ್ಯದಿಂದ ಮಾರ್ಚ್ ಎರಡನೇ ವಾರ ಮುಗಿಯೋ ತನಕ ಇಡೀ ಸ್ವೀಡನ್, ಫಿನ್‌ಲೆಂಡಿನ ಶಾಲೆಗಳಿಗೆ ಒಂದು ವಾರ ಸ್ಕೀ ರಜ ಇರತ್ತೆ, ಊರಿಂದೂರಿಗೆ ವಾರ ಬೇರೆ ಬೇರೆ. ಆಮೇಲೆ ಈಸ್ಟರ್, 2027ರಲ್ಲಿ ಅದು ಮಾರ್ಚ್ 28ಕ್ಕೇ ಬಂದುಬಿಡತ್ತೆ. ಅಂದ್ರೆ ಏಪ್ರಿಲ್ 4ರಿಂದ 11ರ ವಾರ ಈಸ್ಟರ್ ಗದ್ದಲ ಇಳಿದಿರತ್ತೆ, ಬಾಡಿಗೆ ಇಳಿದಿರತ್ತೆ, ಹಿಮ ಮಾತ್ರ ಇಳಿದಿರಲ್ಲ. ನಿಮ್ಮ ಮಗಳ ಪರೀಕ್ಷೆ ಅಷ್ಟೊತ್ತಿಗೆ ಮುಗಿದಿದ್ರೆ ಕಣ್ಣುಮುಚ್ಕೊಂಡು ಆ ವಾರ ಹಿಡೀರಿ. ಯುಗಾದಿ ಏಪ್ರಿಲ್ 7ಕ್ಕೆ ಬರತ್ತೆ, ಹಬ್ಬ ಅಲ್ಲೇ ಆಗತ್ತೆ, ಒಣಗಿಸಿದ ಬೇವಿನ ಹೂವು, ಬೆಲ್ಲ ಬ್ಯಾಗಲ್ಲಿಟ್ಕೊಳ್ಳಿ. ಹಾಗೇ ಯುಗಾದಿ ಅಂದ್ರೆ ಅಮಾವಾಸ್ಯೆ ಕಳೆದ ಪಾಡ್ಯ ತಾನೇ, ಆ ವಾರ ರಾತ್ರಿ ಚಂದ್ರನ ಬೆಳಕಿರಲ್ಲ, ಮೋಡ ಇಲ್ಲದಿದ್ರೆ ಹನ್ನೊಂದು ಗಂಟೆ ಮೇಲೆ ಉತ್ತರ ದಿಕ್ಕಿಗೆ ನೋಡ್ತಿರಿ, ಧ್ರುವಪ್ರಭೆ ಕಾಣೋ ಅವಕಾಶ ಚೆನ್ನಾಗಿದೆ. ಏಪ್ರಿಲ್ ಕೊನೇಗೆ ಹೋದ್ರೆ ರಾತ್ರಿ ಸರಿಯಾಗಿ ಕತ್ತಲೇನೇ ಆಗಲ್ಲ, ಅದು ತಪ್ಪಿಹೋಗತ್ತೆ. ಅದೊಂದಕ್ಕೇ ಅಂತ ಮಾತ್ರ ಟಿಕೆಟ್ ಮಾಡಬೇಡಿ, ಕಂಡ್ರೆ ಪುಣ್ಯ.

ಊರು ಯಾವುದು ಅಂದ್ರೆ, ನಿಮ್ಮ ತಮ್ಮ ಸ್ಟಾಕ್‌ಹೋಮಲ್ಲಿರೋದರಿಂದ ಓರೆ ಹೆಸರು ಹೇಳೇ ಹೇಳ್ತಾರೆ. ಓರೆ ಅದ್ಭುತ ಜಾಗ, ಹೆಸರು ನಮ್ಮ ಕನ್ನಡದ ಓರೆ ಇದ್ದ ಹಾಗೇ ಇದೆ, ಬೆಟ್ಟಾನೂ ಹಾಗೇ. ಆಲ್ಪೈನ್ ವಿಶ್ವ ಚಾಂಪಿಯನ್‌ಶಿಪ್ 1954, 2007, 2019ರಲ್ಲಿ ಅಲ್ಲಿ ಆಗಿದೆ, ಸ್ಟಾಕ್‌ಹೋಮಿಂದ ರಾತ್ರಿ ರೈಲು ಹತ್ತಿದ್ರೆ ಬೆಳಗ್ಗೆ ಲಿಫ್ಟ್ ಹತ್ರಾನೇ ಇಳೀಬಹುದು, ಕೆಳಗಿಂದ ಮೇಲಕ್ಕೆ ಸುಮಾರು 890 ಮೀಟರ್ ಇಳಿಜಾರು. ಮಾರ್ಚ್ ಮಧ್ಯಕ್ಕೆ ಬರೋ ಹಾಗಿದ್ದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಅದು 63ನೇ ಡಿಗ್ರೀಲಿದೆ, ಹಳ್ಳಿ ನಾನೂರು ಮೀಟರಿಗಿಂತ ಕೆಳಗಿದೆ, ಅಟ್ಲಾಂಟಿಕ್ ಕಡೆಯ ಬೆಚ್ಚನೆ ಗಾಳಿ ಅಲ್ಲಿಗೆ ಬೇಗ ತಲುಪತ್ತೆ. ಏಪ್ರಿಲಲ್ಲಿ ಮೇಲ್ಗಡೆ ಹಿಮ ಚೆನ್ನಾಗಿರತ್ತೆ, ಕೆಳಗೆ ಮಧ್ಯಾಹ್ನದ ಹೊತ್ತಿಗೆ ನೀರುನೀರು. ಹೊಸಬರು ಕಲಿಯೋದೇ ಕೆಳಗಡೆ. ಇದೊಂದು ಮಾತಲ್ಲಿ ನಿಮ್ಮ ಆಫೀಸಿನವರು ಅರ್ಧ ಸರಿ, ತಗ್ಗಿರೋ ಜಾಗಕ್ಕೆ ಏಪ್ರಿಲ್ ಕಷ್ಟ, ಅದು ಸಾಕಷ್ಟು ಉತ್ತರದಲ್ಲಿ ಇಲ್ಲದಿದ್ರೆ.

ಹಾಗಾಗಿ ಏಪ್ರಿಲಿಗೆ ಲೆವಿ, ಇಲ್ಲಾ ಅದರ ಪಕ್ಕದ ಯುಲ್ಲಾಸ್. ಯುಲ್ಲಾಸ್ ದೊಡ್ಡದು, 718 ಮೀಟರ್ ಬೆಟ್ಟ, ಸುಮಾರು 460 ಮೀಟರ್ ಇಳಿಜಾರು, ನೋಟ ತುಂಬಾ ಚೆಂದ, ನನಗೆ ವೈಯಕ್ತಿಕವಾಗಿ ಅದೇ ಇಷ್ಟ. ಆದ್ರೆ ಅಲ್ಲಿ ಎರಡು ಹಳ್ಳಿ ಬೆಟ್ಟದ ಎರಡು ಮಗ್ಗುಲಲ್ಲಿವೆ, ಕಾರಿಲ್ಲದೆ ಅತ್ತೆಯವರು ಕ್ಯಾಬಿನ್ನಲ್ಲೇ ಉಳಿದುಬಿಡ್ತಾರೆ. ಲೆವಿಯಲ್ಲಿ ಸಿರ್ಕಾ ಹಳ್ಳಿ ಬೆಟ್ಟದ ಬುಡದಲ್ಲೇ ಇದೆ, ಮನೆ, ಅಂಗಡಿ, ಕೆಫೆ, ಲಿಫ್ಟ್ ಎಲ್ಲ ನಡ್ಕೊಂಡು ಹೋಗೋ ದೂರ, ಅವರು ಬೇಕಾದಾಗ ಬಂದು ಮೊಮ್ಮಗಳನ್ನ ನೋಡ್ಕೊಂಡು ಬೇಕಾದಾಗ ಮನೆಗೆ ಹೋಗಬಹುದು. 325 ಮೀಟರ್ ಇಳಿಜಾರು ಸಣ್ಣದಲ್ವಾ ಅಂತ ನಿಮ್ಮವರು ಕೇಳಬಹುದು. ಮೊದಲ ಮೂರು ದಿನ ನೀವು ಇರೋದೇ ಮೂವತ್ತು ಮೀಟರ್ ಎತ್ತರದ ದಿಬ್ಬದ ಮೇಲೆ, ವಾರದ ಕೊನೇಲಿ ಆ 325 ಮೀಟರನ್ನ ನೀಲಿ ದಾರೀಲಿ ಒಂದೇ ಉಸಿರಿಗೆ ಇಳಿದ್ರೆ ತೊಡೆ ನಡುಗ್ತಿರತ್ತೆ. ನಲವತ್ತಕ್ಕೂ ಹೆಚ್ಚು ಇಳಿಜಾರಿವೆ, ಸಾಲದೇ ಬರಲ್ಲ. ಬಣ್ಣದ ಲೆಕ್ಕ ಗೊತ್ತಿರಲಿ, ಹಸಿರು ಅತಿ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು, ಈ ವಾರ ಕೆಂಪಿನ ಕಡೆ ತಲೆ ಹಾಕಬೇಡಿ, ನಿಮ್ಮ ಯಜಮಾನರೂ ಸೇರಿಸಿ ಹೇಳ್ತಿದೀನಿ, ಎರಡು ದಿನ ಮಾಡಿರೋರೇ ಹೆಚ್ಚು ಬೀಳೋದು.

ತಲುಪೋದು ಹೇಗೆ ಅಂದ್ರೆ ಅವಸರ ಇದ್ರೆ ಹೆಲ್ಸಿಂಕಿಯಿಂದ ಕಿತ್ತಿಲಾಗೆ ವಿಮಾನ, ಒಂದೂವರೆ ಗಂಟೆ, ಅಲ್ಲಿಂದ ಲೆವಿ ಸುಮಾರು 15 ಕಿಲೋಮೀಟರ್. ನನ್ನ ಕೇಳಿದ್ರೆ ಸ್ಟಾಕ್‌ಹೋಮಲ್ಲಿ ತಮ್ಮನ ಮನೇಲಿ ಮೂರು ದಿನ ಇದ್ದು ಅಲ್ಲಿಂದ ರಾತ್ರಿ ಹಡಗಲ್ಲಿ ಹೆಲ್ಸಿಂಕಿಗೆ ಬನ್ನಿ, ಹೊರಡೋ ಸಂಜೆ ಸಾವಿರಾರು ಸಣ್ಣ ಸಣ್ಣ ದ್ವೀಪಗಳ ಮಧ್ಯೆ ಹೋಗತ್ತೆ, ಮಗಳು ಕಿಟಕಿ ಬಿಟ್ಟು ಏಳಲ್ಲ. ಒಂದು ದಿನ ಹೆಲ್ಸಿಂಕಿ ನೋಡಿ ರಾತ್ರಿ ರೈಲು ಹತ್ತಿದ್ರೆ ಬೆಳಗ್ಗೆ ಕೊಲಾರಿ. ನಮ್ಮ ಕೋಲಾರ ಅಲ್ಲ, ಕೊಲಾರಿ, ಫಿನ್‌ಲೆಂಡಲ್ಲಿ ಪ್ರಯಾಣಿಕರ ರೈಲು ಹೋಗೋ ಉತ್ತರದ ಕೊನೇ ಸ್ಟೇಷನ್. ಅಲ್ಲಿಂದ ಲೆವಿಗೆ ಬಸ್ಸಲ್ಲಿ ಎಂಬತ್ತು ಕಿಲೋಮೀಟರ್. ಮಲಗೋ ಕ್ಯಾಬಿನ್ ಎರಡು ಬರ್ತಿಂದು, ಅತ್ತೆಯವರಿಗೆ ಕೆಳಗಿನ ಬರ್ತ್ ಕೊಡಿ, ಟಿಕೆಟ್ ಬಿಟ್ಟಕೂಡಲೇ ತಗೊಳ್ಳಿ, ಮಾರ್ಚ್ ಏಪ್ರಿಲಿನ ರೈಲು ಬೇಗ ತುಂಬತ್ತೆ.

ವೀಸಾ ವಿಷಯದಲ್ಲಿ ಒಂದು ಎಚ್ಚರಿಕೆ. ಯುರೋಪಿನ ಹೆಚ್ಚಿನ ದೇಶಗಳಿಗೆ ಸೇರಿ ಷೆಂಗೆನ್ ವೀಸಾ ಒಂದೇ ಆದ್ರೂ ಅರ್ಜಿ ಹಾಕಬೇಕಾಗಿರೋದು ಹೆಚ್ಚು ದಿನ ಇರೋ ದೇಶಕ್ಕೆ. ಸ್ಟಾಕ್‌ಹೋಮಲ್ಲಿ ಮೂರ್ನಾಲ್ಕು ದಿನ, ಫಿನ್‌ಲೆಂಡಲ್ಲಿ ಎಂಟು ದಿನ ಅಂದ್ರೆ ಅರ್ಜಿ ಫಿನ್‌ಲೆಂಡಿಗೆ, ತಮ್ಮ ಸ್ವೀಡನ್ನಲ್ಲಿದಾನೆ ಅಂತ ಸ್ವೀಡನ್ನಿಗೆ ಹಾಕಬೇಡಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿಂದ ಹಾಕಬಹುದು. ಕನಿಷ್ಠ 30,000 ಯೂರೋ ಇನ್ಶೂರೆನ್ಸ್ ಕಡ್ಡಾಯ, ಆದ್ರೆ ವೀಸಾಗೆ ಅಂತ ಮಾರೋ ಎಷ್ಟೋ ಪಾಲಿಸೀಲಿ ಸ್ಕೀ ಮಾಡುವಾಗ ಬಿದ್ರೆ ಕವರ್ ಇರಲ್ಲ, ಚಳಿಗಾಲದ ಆಟ ಸೇರಿದೆ ಅಂತ ಬರಹದಲ್ಲಿ ನೋಡದೆ ದುಡ್ಡು ಕಟ್ಟಬೇಡಿ.

ಸ್ಕೀ ಕಲಿಯೋ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಇದು ನನ್ನ ಪ್ರೀತಿಯ ವಿಷಯ. ಟೀಚರ್ ತಗೊಳ್ಳಿ. ಗಂಡ ಹೆಂಡತಿಗೆ ಹೇಳಿಕೊಡೋದು, ತಮ್ಮ ಅಕ್ಕನಿಗೆ ಹೇಳಿಕೊಡೋದು ಬೇಡ, ಸ್ಕೀನೂ ಬರಲ್ಲ, ಮಾತೂ ನಿಲ್ಲತ್ತೆ. ಮಗಳನ್ನ ಮಕ್ಕಳ ಗುಂಪಿಗೆ ನಾಲ್ಕು ದಿನ ಸೇರಿಸಿ, ಇಂಗ್ಲಿಷಲ್ಲಿ ಹೇಳೋ ಗುಂಪು ಬೇಕು ಅಂತ ಮೊದಲೇ ಬರೆದು ಕೇಳಿ. ಮಕ್ಕಳಿಗೆ ಮೊದಲು ಹೇಳಿಕೊಡೋದು ಸ್ಕೀ ಎರಡರ ಮೂತಿ ಹತ್ರ ತಂದು ಹಿಂಭಾಗ ಅಗಲ ಮಾಡಿ ನಿಲ್ಲಿಸೋದು, ಪಿಜ್ಜಾ ತುಂಡು ಅಂತಾರೆ, ಒಂಬತ್ತು ವರ್ಷಕ್ಕೆ ಅದು ಅರ್ಧ ಗಂಟೇಲಿ ಬರತ್ತೆ. ನಿಮಗೆ ಒಂದು ದಿನ ಬೇಕು. ಭಾರ ಮುಂದಕ್ಕೆ, ಮೊಣಕಾಲಿನ ಕೆಳಗಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿರಬೇಕು. ಹೆದರಿಕೆ ಆದಾಗ ನಮ್ಮ ಮೈ ತಾನಾಗೇ ಹಿಂದಕ್ಕೆ ವಾಲತ್ತೆ, ಹಿಂದಕ್ಕೆ ವಾಲಿದ್ರೆ ಸ್ಕೀ ಇನ್ನೂ ಜೋರಾಗಿ ಓಡತ್ತೆ, ಹೊಸಬರ ಎಲ್ಲ ಬೀಳೋದಕ್ಕೂ ಮೂಲ ಇದೇ.

ಬೂಟು ಸ್ಕೀಗಿಂತ ಮುಖ್ಯ. ಒಂದು ಸಲ ಒಂದು ಬಾಡಿಗೆ ಅಂಗಡೀಲಿ ಗದ್ದಲ ಅಂತ ಅವಸರದಲ್ಲಿ ನನ್ನ ಜೊತೆ ಬಂದಿದ್ದವರಿಗೆ ಎರಡು ಸೈಜ್ ದೊಡ್ಡದು ಕೊಟ್ಟು ಕಳಿಸಿದ್ರು, ಹಗುರ ಆಗಿದೆ ಆರಾಮಾಗಿದೆ ಅಂತ ಅವರೂ ಖುಷಿಯಾಗಿ ಬಂದ್ರು, ಇಡೀ ದಿನ ಕಾಲು ಒಂದು ಕಡೆ ತಿರುಗಿದ್ರೆ ಸ್ಕೀ ಇನ್ನೊಂದು ಕಡೆ. ಬೂಟು ಹಿಮ್ಮಡಿ ಎತ್ತೋಕಾಗದ ಹಾಗೆ ಬಿಗಿಯಾಗಿರಬೇಕು, ಒಳಗೆ ಒಂದೇ ಒಂದು ತೆಳ್ಳನೆ ಉಣ್ಣೆ ಕಾಲುಚೀಲ. ಎರಡೆರಡು ಕಾಲುಚೀಲ ಹಾಕಿದ್ರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗತ್ತೆ. ತೂಕ ಕೇಳ್ತಾರೆ, ನಿಜಾನೇ ಹೇಳಿ, ಬಿದ್ದಾಗ ಸ್ಕೀ ಕಳಚಿಕೊಳ್ಳೋ ಬಿಗಿ ಅದರ ಮೇಲೇ ಇಡೋದು, ಐದು ಕೆಜಿ ಕಮ್ಮಿ ಹೇಳೋದರಿಂದ ನಷ್ಟ ನಿಮಗೇ.

ನಾರ್ಡಿಕ್ ಗುಡ್ಡಗಳಲ್ಲಿ ಎಳೆಯೋ ಲಿಫ್ಟ್‌ಗಳು ಜಾಸ್ತಿ, ನೆಲದ ಮೇಲೆ ಸ್ಕೀ ಇಟ್ಕೊಂಡೇ ಮೇಲಕ್ಕೆ ಎಳ್ಕೊಂಡು ಹೋಗತ್ತೆ. ಲಂಗರದ ಆಕಾರದ ಕೋಲು ಹಿಂದೆ ಬರತ್ತೆ, ಅದರ ಮೇಲೆ ಕೂರೋಕೆ ಹೋಗಬೇಡಿ, ಕೂತ್ರೆ ಬೀಳ್ತೀರಿ, ಸುಮ್ನೆ ನೆಟ್ಟಗೆ ನಿಂತು ಎಳೆಸ್ಕೊಳ್ಳಿ. ನೀವು ಮತ್ತು ಮಗಳು ಜೊತೇಲಿ ಅದನ್ನ ಹಿಡೀಬೇಡಿ, ನಿಮ್ಮ ತೊಡೆ ಹತ್ರ ಬರೋ ಕೋಲು ಅವಳ ಬೆನ್ನಿಗೆ ಬರತ್ತೆ. ಅವಳಿಗೆ ತಟ್ಟೆಯಾಕಾರದ್ದು, ಒಬ್ಬೊಬ್ಬರೇ ಹೋಗೋದು ಸುಲಭ.

ಏಪ್ರಿಲಿನ ಹಿಮಕ್ಕೆ ಒಂದು ದಿನಚರಿ ಇದೆ. ರಾತ್ರಿ ಗಟ್ಟಿಯಾಗಿರೋ ಹಿಮ ಬೆಳಗ್ಗೆ ಒಂಬತ್ತಕ್ಕೆ ಸಿಮೆಂಟ್ ಇದ್ದ ಹಾಗಿರತ್ತೆ, ಹೊಸಬರಿಗೆ ಜಾರುತ್ತೆ, ಬಿದ್ರೆ ನೋವು. ಹತ್ತೂವರೆ ಹೊತ್ತಿಗೆ ಬಿಸಿಲು ಅದರ ಮೇಲ್ಪದರ ಮೆತ್ತಗೆ ಮಾಡಿರತ್ತೆ, ಆಗ ಒಂದೂವರೆ ಎರಡು ಗಂಟೆ ತನಕ ಕಲಿಯೋಕೆ ಅದಕ್ಕಿಂತ ಚೆನ್ನಾದ ಹಿಮ ಇಲ್ಲ. ಆಮೇಲೆ ಒದ್ದೆಯಾಗಿ ಭಾರ ಆಗತ್ತೆ, ಕಾಲು ಸೋಲತ್ತೆ, ನಿಲ್ಲಿಸಿಬಿಡಿ. ಮೂರನೇ ದಿನ ಮಧ್ಯಾಹ್ನದ ಮೇಲೆ ಇನ್ನೊಂದೇ ಒಂದು ರೌಂಡ್ ಅಂತ ಹೋಗಿ ಮಂಡಿ ತಿರುಚಿಕೊಂಡವರನ್ನ ನಾನು ತುಂಬಾ ನೋಡಿದೀನಿ. ನಾಲ್ಕನೇ ದಿನ ಸ್ಕೀ ಬೇಡವೇ ಬೇಡ, ಪೂರ್ತಿ ರಜ. ಅವತ್ತು ಬೆಳಗ್ಗೆ ಬೇಗ ಎದ್ದು ಕಾಡಿನ ಕಡೆ ಹೋಗಿ, ಗಟ್ಟಿಯಾದ ಹಿಮದ ಹೊದಿಕೆ ನಿಮ್ಮ ಭಾರ ಹೊರತ್ತೆ, ಒಂದು ಮೀಟರ್ ಹಿಮದ ಮೇಲೆ ರಸ್ತೇಲಿ ನಡೆದ ಹಾಗೆ ಎಲ್ಲಿ ಬೇಕಲ್ಲಿ ನಡೀಬಹುದು, ಹಂಕಿಕಾಂತೋ ಅಂತ ಇದಕ್ಕೇ ಒಂದು ಪದ ಇಟ್ಕೊಂಡಿದಾರೆ ಇಲ್ಲಿನವರು. ಹನ್ನೊಂದರ ಮೇಲೆ ಅದೇ ಜಾಗದಲ್ಲಿ ಸೊಂಟದ ತನಕ ಹೂತುಹೋಗ್ತೀರಿ, ಅಷ್ಟರಲ್ಲಿ ವಾಪಸ್ ಬನ್ನಿ.

ಈಗ ಅತ್ತೆಯವರು. ಅವರಿಗಾಗಿ ತಗೋಬೇಕಾದ ಅತಿ ಮುಖ್ಯ ವಸ್ತು ದುಬಾರಿ ಜಾಕೆಟ್ ಅಲ್ಲ, ಶೂಗೆ ಕೆಳಗಿಂದ ಹಾಕೋ ಮುಳ್ಳಿನ ಪಟ್ಟಿ. ರಬ್ಬರಿನದು, ಇಲ್ಲಿನ ಯಾವ ಸೂಪರ್‌ಮಾರ್ಕೆಟ್ಟಲ್ಲೂ ಸಿಗತ್ತೆ, ಬಂದಿಳಿದ ದಿನಾನೇ ಕೊಂಡುಕೊಳ್ಳಿ. ಏಪ್ರಿಲಲ್ಲಿ ಹಗಲು ಕರಗಿದ ನೀರು ರಾತ್ರಿ ಬೀದೀಲಿ ಗಾಜಾಗತ್ತೆ, ಮಂಡಿ ನೋವಿರೋರಿಗೆ ಇಳಿಜಾರಿಗಿಂತ ಅಂಗಡಿ ಮುಂದಿನ ಫುಟ್‌ಪಾತೇ ಅಪಾಯ. ಆಮೇಲೆ ಒದೆಯೋ ಬಂಡಿ ಒಂದು ಬಾಡಿಗೆಗೆ ತಗೊಳ್ಳಿ, ಪೊತ್ಕುಕೆಲ್ಕಾ ಅಂತಾರೆ, ಮುಂದೆ ಕುರ್ಚಿ, ಕೆಳಗೆ ಎರಡು ಉದ್ದ ಕಬ್ಬಿಣದ ಪಟ್ಟಿ, ಹಿಂದೆ ನಿಂತವರು ಒಂದು ಕಾಲಲ್ಲಿ ಒದ್ಕೊಂಡು ಹೋಗೋದು. ಇಲ್ಲಿ ಎಪ್ಪತ್ತು ಎಂಬತ್ತರ ಅಜ್ಜಿಯರು ತರಕಾರಿ ಚೀಲ ಅದರ ಕುರ್ಚಿ ಮೇಲಿಟ್ಕೊಂಡು ಒಬ್ಬರೇ ಹೋಗ್ತಾರೆ. ನಿಮ್ಮತ್ತೆ ಕೂತ್ಕೊಳ್ಳಲಿ, ಮೊಮ್ಮಗಳು ಹಿಂದೆ ನಿಂತು ಒದೀಲಿ, ಇಬ್ಬರಿಗೂ ರಜದಲ್ಲಿ ನೆನಪುಳಿಯೋದು ಇದೇ ಆಗಬಹುದು. ಗೊಂಡೋಲಾದಲ್ಲಿ ಸ್ಕೀ ಇಲ್ಲದೇನೂ ಕೂತು ಮೇಲೆ ಹೋಗಿ ಬರಬಹುದು. ಸಂಜೆ ಸೌನಾ (ಮೆಟ್ಟಿಲ ಮೇಲೆ ಕೂತು ಬೆವರೋ ಬಿಸಿ ಕೋಣೆ), ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರತ್ತೆ, ಬಿಪಿ ಮಾತ್ರೆ ತಗೊಳ್ತಿದ್ರೆ ಡಾಕ್ಟರನ್ನ ಕೇಳ್ಕೊಂಡು ಬನ್ನಿ, ಕೆಳಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ್ರೆ ಮಂಡಿಗೆ ಹಾಯಾಗಿರತ್ತೆ.

ಊಟಕ್ಕೆ ಹೋಟೆಲ್ ನೆಚ್ಕೋಬೇಡಿ, ಅಡುಗೆಮನೆ ಇರೋ ಮೊಕ್ಕಿ ಅಂದ್ರೆ ಕ್ಯಾಬಿನ್ ಹಿಡೀರಿ. ಅಕ್ಕಿ, ಬೇಳೆ, ಈರುಳ್ಳಿ, ಆಲೂಗಡ್ಡೆ, ಟೊಮೇಟೋ ಎಲ್ಲ ಅಲ್ಲೇ ಸಿಗತ್ತೆ, ಸಾರಿನಪುಡಿ, ಹುಣಸೆಹಣ್ಣು, ಉಪ್ಪಿನಕಾಯಿ ಊರಿಂದ ತನ್ನಿ, ಸಣ್ಣ ಕುಕ್ಕರ್ ತರಬಹುದು. ಪೀಮಾ ಅಂತ ಒಂದು ಡಬ್ಬಿ ಸಿಗತ್ತೆ, ಅದು ನಮ್ಮ ಮಜ್ಜಿಗೇನೇ, ಸ್ವಲ್ಪ ದಪ್ಪ, ಒಗ್ಗರಣೆ ಹಾಕಿದ್ರೆ ಯಾರೂ ವ್ಯತ್ಯಾಸ ಹೇಳಲ್ಲ. ಹೊರಗೆ ಕರೇಲಿಯಾ ಕಡುಬು ಸಿಗತ್ತೆ, ರೈ ಅನ್ನೋ ಧಾನ್ಯದ ಹಿಟ್ಟಿನ ತೆಳ್ಳನೆ ಹೊದಿಕೆ ಒಳಗೆ ಹಾಲಲ್ಲಿ ಬೇಯಿಸಿದ ಅಕ್ಕಿಗಂಜಿ, ಮೇಲೆ ಮೊಟ್ಟೆ ಬೆಣ್ಣೆ ಹಾಕ್ತಾರೆ, ಬೇಡ ಅನ್ನಿ. ಬನ್ನುಗಳಲ್ಲಿ ಏಲಕ್ಕಿ ಘಮ್ ಅನ್ನತ್ತೆ, ಸಾವಿರಾರು ಮೈಲಿ ಆಚೆ ನಮ್ಮ ಏಲಕ್ಕಿ ವಾಸನೆ ಬಂದಾಗ ಆಗೋ ಖುಷಿ ನೀವೇ ನೋಡ್ತೀರಿ. ಲೈಪ್ಯಾಯೂಸ್ತೊ ಅನ್ನೋ ಸುಟ್ಟ ಚೀಸ್ ಮೂಲದಲ್ಲಿ ಹಸು ಕರು ಹಾಕಿದಾಗಿನ ಹಾಲಿಂದ ಮಾಡ್ತಿದ್ದಿದ್ದು, ಅಂದ್ರೆ ಗಿಣ್ಣಿನ ಅಕ್ಕನೋ ತಂಗಿಯೋ, ಅತ್ತೆಯವರಿಗೆ ಹೇಳಿ, ಇಷ್ಟ ಆಗಬಹುದು, ರೆನೆಟ್ (ಸಾಂಪ್ರದಾಯಿಕವಾಗಿ ಕರುವಿನ ಹೊಟ್ಟೆಯಿಂದ ತೆಗೆಯೋ, ಹಾಲು ಗಟ್ಟಿ ಮಾಡೋ ಪದಾರ್ಥ) ಹಾಕಿರ್ತಾರೆ, ಕಟ್ಟುನಿಟ್ಟಾಗಿದ್ರೆ ಬಿಟ್ಟುಬಿಡಿ. ಗುರುವಾರ ಎಲ್ಲ ಕಡೆ ಬಟಾಣಿ ಸೂಪ್ ಮಾಡ್ತಾರೆ, ಹೆಸರು ಕೇಳಿ ನಮ್ಮವರು ತಗೊಂಡುಬಿಡ್ತಾರೆ, ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರತ್ತೆ, ಕೇಳದೆ ಮುಟ್ಟಬೇಡಿ. ನಲ್ಲಿ ನೀರು ಧಾರಾಳವಾಗಿ ಕುಡೀರಿ.

ಬಟ್ಟೆ ಬಗ್ಗೆ ಚಿಕ್ಕದಾಗಿ. ಮೈಗಂಟಿ ಉಣ್ಣೆ ಅಥವಾ ಸಿಂಥೆಟಿಕ್ ಥರ್ಮಲ್, ಮಧ್ಯೆ ಫ್ಲೀಸ್, ಮೇಲೆ ಗಾಳಿ ನೀರು ತಡೆಯೋ ಜಾಕೆಟ್ ಪ್ಯಾಂಟ್, ಮೇಲಿನದು ಬಾಡಿಗೆಗೂ ಸಿಗತ್ತೆ. ಕಾಟನ್ ಎಲ್ಲೂ ಬೇಡ, ಬೆವರಿಗೆ ಒದ್ದೆಯಾದ್ರೆ ಒಣಗದೆ ಮೈ ತಣ್ಣಗೆ ಮಾಡತ್ತೆ. ಮಗಳಿಗೆ ಬೆರಳು ಬಿಡಿ ಬಿಡಿ ಇರೋ ಗ್ಲೌಸ್ ಬದಲು ಎಲ್ಲ ಬೆರಳು ಒಟ್ಟಿಗಿರೋ ಮಿಟನ್, ಎರಡು ಜೊತೆ. ಅತ್ತೆ ಸೀರೇನೇ ಉಡ್ತೀನಿ ಅಂದ್ರೆ ಒಳಗೆ ಉಣ್ಣೆ ಲೆಗ್ಗಿಂಗ್ ಹಾಕಿ ಉಡಲಿ, ಆದ್ರೆ ನೆರಿಗೆ ಪಾದಕ್ಕಿಂತ ಮೇಲಿರಲಿ, ಮುಳ್ಳಿನ ಪಟ್ಟಿಗೆ ಸಿಕ್ಕಾಕೊಳ್ಳತ್ತೆ. ಸನ್‌ಸ್ಕ್ರೀನ್, ತಂಪು ಕನ್ನಡಕ ಎಲ್ಲರಿಗೂ, ಏಪ್ರಿಲ್ ಬಿಸಿಲು ಮೇಲಿಂದ ಬಂದು ಹಿಮಕ್ಕೆ ಬಡಿದು ಕೆಳಗಿಂದಾನೂ ಬರತ್ತೆ, ಗಲ್ಲದ ಕೆಳಗೆ, ಮೂಗಿನ ಅಡೀಲೂ ಹಚ್ಚಿ. ಮನೆ ಹಿಡಿಯುವಾಗ ಬಟ್ಟೆ ಒಣಗಿಸೋ ಬೀರು ಇದೆಯಾ ಕೇಳಿ, ಗ್ಲೌಸು ಬೂಟಿನ ಒಳಪದರ ರಾತ್ರಿ ಅದರಲ್ಲಿ ನೇತುಹಾಕಿದ್ರೆ ಬೆಳಗ್ಗೆ ಬಿಸಿಬಿಸಿ ಸಿಗತ್ತೆ. ಹಾಸಿಗೆ ಬಟ್ಟೆ, ಕೊನೇ ದಿನದ ಕ್ಲೀನಿಂಗ್ ಬಾಡಿಗೇಲಿ ಸೇರಿದೆಯಾ ಅನ್ನೋದೂ ಕೇಳಿ, ಎಷ್ಟೋ ಕಡೆ ಸೇರಿರಲ್ಲ.

ಖರ್ಚಲ್ಲಿ ದೊಡ್ಡವರ ಲಿಫ್ಟ್ ಪಾಸ್ ದಿನಕ್ಕೆ 50ರಿಂದ 70 ಯೂರೋ ಮಧ್ಯೆ ಅಂತ ಲೆಕ್ಕ ಇಟ್ಕೊಳ್ಳಿ, ಮಗಳಿಗೆ ಕಮ್ಮಿ, ಅತ್ತೆಗೆ ಬೇಡ. ಇಡೀ ವಾರದ ಪಾಸ್ ಮೊದಲ ದಿನಾನೇ ಕೊಳ್ಳಬೇಡಿ. ಮೊದಲ ಮೂರು ದಿನ ಕಲಿಯೋ ಜಾಗ ಬಿಟ್ಟು ನೀವೆಲ್ಲೂ ಹೋಗಲ್ಲ, ಅಲ್ಲಿಗೆ ಮಾತ್ರದ ಟಿಕೆಟ್ ಇದೆಯಾ ಕೇಳಿ, ಆಮೇಲೆ ನೋಡೋಣ. ಉಳಿದ ದುಡ್ಡು ಟೀಚರಿಗೆ ಹಾಕಿ.

ಶಾಲೆಯವರು ಪರೀಕ್ಷೆ ತಾರೀಕು ಕೊಟ್ಟಕೂಡಲೇ ಮೊದಲು ಮನೆ, ಆಮೇಲೆ ರೈಲು, ಆಮೇಲೆ ಮಗಳ ಸ್ಕೀ ಕ್ಲಾಸು, ಈ ಕ್ರಮದಲ್ಲಿ ಬುಕ್ ಮಾಡಿ. ಅಕಸ್ಮಾತ್ ಪರೀಕ್ಷೆ ಏಪ್ರಿಲ್ 10ರ ತನಕ ಎಳೆದ್ರೂ ಗಾಬರಿ ಬೇಡ, ಒಂದು ವಾರ ಮುಂದಕ್ಕೆ ಹಾಕಿ, ಲೆವಿಯಲ್ಲಿ ಆಗಲೂ ಹಿಮ ಇರತ್ತೆ, ಬೆಳಗ್ಗೆ ಸ್ವಲ್ಪ ಬೇಗ ಶುರು ಮಾಡಿ ಬೇಗ ಮುಗಿಸಬೇಕಾಗತ್ತೆ ಅಷ್ಟೇ. ನಾಲ್ಕೂ ಜನರ ಎತ್ತರ, ಶೂ ಸೈಜು ಒಂದು ಚೀಟೀಲಿ ಬರೆದಿಟ್ಕೊಳ್ಳಿ, ಶೂ ಸೈಜನ್ನ ಪಾದ ಎಷ್ಟು ಸೆಂಟಿಮೀಟರ್ ಅಂತ ಅಳೆದು ಬರೀರಿ, ಬಾಡಿಗೆ ಅಂಗಡೀಲಿ ಕೇಳೋದು ಅದನ್ನೇ.